ಎಸ್‌ಎಸ್‌ಡಿಯಲ್ಲಿ ಒಂದಿಷ್ಟು ಜಾಗ ಖಾಲಿ ಇರಲಿ

ಅಭ್ಯಾಸ ಬೋಧನೆಯ ಮೂರನೆಯ ವಾರ. ಒಂಬತ್ತನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಕಂಪ್ಯೂಟರಿನ ಸಂಗ್ರಹಣಾ ಸಾಧನಗಳ ಬಗ್ಗೆ ಪಾಠ ಮಾಡುತ್ತಿದ್ದರು. ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಎಸ್‌ಎಸ್‌ಡಿ ಮೂರರ ಚಿತ್ರಪಟಗಳೂ ಇದ್ದವು. ‘ಬೇಡವಾದ ಫೈಲುಗಳನ್ನು ಅಳಿಸಿದರೆ ಜಾಗ ಖಾಲಿಯಾಗುತ್ತದೆ’ ಎಂದು ಹಲಗೆಯ ಮೇಲೆ ಬರೆದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಮೇಡಂ, ನಮ್ಮಪ್ಪನ ಮೊಬೈಲ್‌ದಾಗ ದಿನಾ ಒಂದು ವಿಡಿಯೋ ಅಳಿಸ್ತೀವಿ, ಇನ್ನೊಂದು ತುಂಬಸ್ತೀವಿ. ಅಳಿಸಿದ್ರ ಖಾಲಿ ಆಗ್ತದಂದ್ರ ಅದ್ಯಾಕ್ರಿ ದಿನದಿಂದ ದಿನಕ್ಕ ನಿಧಾನ ಆಗ್ಲಿಕತ್ತದ?’

‘ಹಳೆಯದಾಗಿರಬೇಕು, ಕೂತ್ಕೋ’ ಎಂದು ಅವರು ಪಾಠ ಮುಂದುವರಿಸಿದರು. ‘ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ’ ಎಂದು ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದೆ. ಬರೆದ ಮೇಲೆ ಮುಜುಗರವಾಯಿತು. ಆ ಉತ್ತರವನ್ನು ನಾವು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಅಷ್ಟೇ ಅಲ್ಲ, ಹುಡುಗ ತನ್ನ ಅಪ್ಪನ ಮೊಬೈಲಿನಲ್ಲಿ ಕಂಡ ತಪ್ಪನ್ನೇ ನಾವು ನಮ್ಮ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಮಾಡುತ್ತ ಬಂದಿದ್ದೇವೆ.

ಹಿಂದಿನ ವರ್ಷ ನಡೆದದ್ದನ್ನು ನೆನಪಿಸುತ್ತೇನೆ. ಪಾಠಗಳ ವಿಡಿಯೋ ಮುದ್ರಣಗಳೆಲ್ಲ ಒಂದೇ ಕಂಪ್ಯೂಟರಿನ 512 ಜಿಬಿ ಎಸ್‌ಎಸ್‌ಡಿಯಲ್ಲಿ ಸೇರುತ್ತಿದ್ದವು. ಆಂತರಿಕ ಮೌಲ್ಯಮಾಪನದ ವಾರ ಡ್ರೈವ್ ತುಂಬಿ ಯಂತ್ರ ತೆವಳತೊಡಗಿತು. ಅವಸರದಲ್ಲಿ ಜಾಗ ಮಾಡಲು ಹೋಗಿ ಬೇಕಾದ ಫೋಲ್ಡರೊಂದು ಅಳಿದುಹೋಯಿತು. ಮರಳಿ ಪಡೆಯುವ ತಂತ್ರಾಂಶ ಓಡಿಸಿದರೆ ಫೈಲುಗಳ ಹೆಸರು ಸಿಕ್ಕವು, ಒಳಗೆ ಏನೂ ಇರಲಿಲ್ಲ. ಹಲವರು ಪಾಠವನ್ನು ಮತ್ತೊಮ್ಮೆ ಮಾಡಬೇಕಾಯಿತು. ಶಾಲೆಯವರು ಅವಧಿ ಬಿಟ್ಟುಕೊಟ್ಟದ್ದು ಅವರ ದೊಡ್ಡತನ. ‘ಎಸ್‌ಎಸ್‌ಡಿ ಕೈಕೊಟ್ಟಿತು’ ಎಂದು ಎಲ್ಲರೂ ಹೇಳಿದೆವು. ಅದು ಕೈಕೊಟ್ಟಿರಲಿಲ್ಲ. ಅದರ ಸ್ವಭಾವ ನಮಗೆ ಗೊತ್ತಿರಲಿಲ್ಲ.

ಆ ಸ್ವಭಾವವನ್ನು ತಿಳಿಸಲು ನಮ್ಮ ಕಪ್ಪುಹಲಗೆಗಿಂತ ಒಳ್ಳೆಯ ಬೋಧನೋಪಕರಣ ಬೇಡ. ಒಂದು ಕೋಣೆಯಲ್ಲಿ ಹತ್ತು ಹಲಗೆಗಳಿವೆ, ಪ್ರತಿ ಹಲಗೆಯಲ್ಲಿ ಹತ್ತು ಸಾಲು ಹಿಡಿಸುತ್ತದೆ ಎಂದುಕೊಳ್ಳೋಣ. ನಿಯಮ ಎರಡೇ. ಖಾಲಿ ಇರುವ ಯಾವ ಸಾಲಿನಲ್ಲಾದರೂ ಬರೆಯಬಹುದು. ಆದರೆ ಒರೆಸುವುದಾದರೆ ಇಡೀ ಹಲಗೆಯನ್ನೇ ಒರೆಸಬೇಕು. ಎಸ್‌ಎಸ್‌ಡಿಯೊಳಗಿನ ನ್ಯಾಂಡ್ ಫ್ಲ್ಯಾಶ್ ಇದೇ ನಿಯಮಕ್ಕೆ ಕಟ್ಟುಬಿದ್ದಿದೆ. ಬರೆಯುವುದು ಕೆಲವು ಕಿಲೋಬೈಟ್‌ಗಳ ‘ಪುಟ’ಗಳಲ್ಲಿ, ಅಳಿಸುವುದು ನೂರಾರು ಪುಟಗಳು ಸೇರಿದ ‘ಬ್ಲಾಕ್’ಗಳಲ್ಲಿ. ಒಂದು ಸಾಲು ಬೇಡವಾದರೆ ಅದನ್ನು ಅಲ್ಲಿಯೇ ಒರೆಸುವಂತಿಲ್ಲ, ಅಡ್ಡಗೆರೆ ಎಳೆದು ಬಿಡಬೇಕು. ನಾವು ಫೈಲು ಅಳಿಸಿದಾಗ ಆಗುವುದು ಆ ಅಡ್ಡಗೆರೆ ಮಾತ್ರ.

ಹಲಗೆಗಳೆಲ್ಲ ತುಂಬುತ್ತ ಬಂದಾಗ ಡ್ರೈವಿನ ನಿಯಂತ್ರಕ ಚಿಪ್ ಒಂದು ಹಲಗೆಯನ್ನು ಆರಿಸಿ, ಅದರಲ್ಲಿನ ಬೇಕಾದ ಸಾಲುಗಳನ್ನು ಬೇರೆಡೆಗೆ ನಕಲು ಮಾಡಿ, ಆಮೇಲೆ ಅದನ್ನು ಒರೆಸುತ್ತದೆ. ಇಲ್ಲಿ ಮಕ್ಕಳಿಂದ ಲೆಕ್ಕ ಮಾಡಿಸಿರಿ. ಒಂದು ಹಲಗೆಯಲ್ಲಿ ಎಂಟು ಸಾಲಿಗೆ ಅಡ್ಡಗೆರೆ ಬಿದ್ದಿದ್ದರೆ, ಎರಡು ಸಾಲು ನಕಲು ಮಾಡಿದರೆ ಎಂಟು ಸಾಲಿನ ಜಾಗ ಸಿಗುತ್ತದೆ. ಎರಡೇ ಸಾಲಿಗೆ ಅಡ್ಡಗೆರೆ ಬಿದ್ದಿದ್ದರೆ, ಎಂಟು ಸಾಲು ನಕಲು ಮಾಡಿದರೂ ಸಿಗುವುದು ಎರಡು ಸಾಲಿನ ಜಾಗ. ಅಂದರೆ ಎರಡು ಹೊಸ ಸಾಲಿಗಾಗಿ ಒಟ್ಟು ಹತ್ತು ಸಾಲು ಬರೆದಂತಾಯಿತು, ಐದು ಪಟ್ಟು ಕೆಲಸ. ಡ್ರೈವ್ ಎಷ್ಟು ಭರ್ತಿಯಾಗಿದೆಯೋ ಅಷ್ಟು ಈ ಎರಡನೆಯ ಬಗೆಯ ಹಲಗೆಗಳೇ ಹೆಚ್ಚು. ಹುಡುಗನ ಪ್ರಶ್ನೆಗೆ ಮುಖ್ಯ ಉತ್ತರ ಇದು. ಮೊಬೈಲ್ ನಿಧಾನವಾಗಲು ಬೇರೆ ಕಾರಣಗಳೂ ಇವೆ. ಆದರೆ ಸದಾ ತುಂಬಿಯೇ ಇರುವ ಮೊಬೈಲಿನಲ್ಲಿ ದಿನಕ್ಕೊಂದು ಅಳಿಸಿ ಇನ್ನೊಂದು ತುಂಬಿಸುವುದು ಆ ಚಿಪ್‌ಗೆ ಕೊಡುವ ಅತ್ಯಂತ ಕಷ್ಟದ ಕೆಲಸ.

ಬಾಳಿಕೆಯ ಮಾತೂ ಇಲ್ಲಿಯೇ ಬರುತ್ತದೆ. ಒರೆಸಿ ಒರೆಸಿ ಹಲಗೆಯ ಕಪ್ಪು ಸವೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಫ್ಲ್ಯಾಶ್ ಕೋಶಗಳೂ ಹಾಗೆಯೇ. ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ ಬಗೆಯವು ಸಾಮಾನ್ಯವಾಗಿ 1000ದಿಂದ 3000 ಬಾರಿ ಬರೆದು ಅಳಿಸುವುದನ್ನು ತಾಳುತ್ತವೆ, ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿ ಅದಕ್ಕಿಂತ ಕಡಿಮೆ. ಒಂದೇ ಹಲಗೆ ಬೇಗ ಸವೆಯದಂತೆ ನಿಯಂತ್ರಕ ಎಲ್ಲ ಹಲಗೆಗಳಿಗೂ ಸರದಿ ಹಾಕುತ್ತದೆ. ತಯಾರಕರು ನಮಗೆ ಕಾಣದಂತೆ ಒಂದಷ್ಟು ಜಾಗವನ್ನು ಕಾದಿರಿಸಿಯೂ ಇರುತ್ತಾರೆ. ನಾವು ಬಿಡುವ ಖಾಲಿ ಜಾಗ ಅದರೊಂದಿಗೆ ಸೇರಿ ನಕಲಿನ ಕೆಲಸವನ್ನು, ಅದರಿಂದ ಆಗುವ ಸವೆತವನ್ನು ತಗ್ಗಿಸುತ್ತದೆ.

ಈ ಸವೆತದ ಸಂಗತಿ ಕಿವಿಗೆ ಬಿದ್ದವರಲ್ಲಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ‘ಎಸ್‌ಎಸ್‌ಡಿ ಮೇಲೆ ಹೆಚ್ಚು ಬರೆಯಬೇಡಿ’ ಎಂದು ಹೈಬರ್ನೇಷನ್ ನಿಲ್ಲಿಸುತ್ತಾರೆ, ಪೇಜ್ ಫೈಲ್ ತೆಗೆಯುತ್ತಾರೆ, ಮಕ್ಕಳ ಕೆಲಸವನ್ನು ಪೆನ್ ಡ್ರೈವ್‌ನಲ್ಲೇ ಮಾಡಿಸುತ್ತಾರೆ. ಈ ಭಯಕ್ಕೆ ಆಧಾರ ಕಡಿಮೆ. ಉತ್ತಮ ದರ್ಜೆಯ 500 ಜಿಬಿ ಡ್ರೈವ್‌ಗಳಿಗೆ ಐದು ವರ್ಷ ಅಥವಾ 300 ಟೆರಾಬೈಟ್ ಬರಹ ಎಂಬ ಖಾತರಿ ಇರುವುದುಂಟು. ಅಂದರೆ ಐದು ವರ್ಷ ದಿನವೂ ಸುಮಾರು 164 ಜಿಬಿ. ನಮ್ಮ ಲೆಕ್ಕ ನೋಡಿ. 40 ನಿಮಿಷದ ಪಾಠದ ಸ್ಪಷ್ಟ ವಿಡಿಯೋ ಸುಮಾರು 5 ಜಿಬಿ. ಐವತ್ತು ಪ್ರಶಿಕ್ಷಣಾರ್ಥಿಗಳು ತಲಾ ಎರಡು ಪಾಠ ಮುದ್ರಿಸಿದರೆ 500 ಜಿಬಿ. 300 ಟೆರಾಬೈಟ್‌ನ ಮುಂದೆ ಅದು ಅರ್ಧ ಟೆರಾಬೈಟ್, ಏನೂ ಅಲ್ಲ. ಆದರೆ 512 ಜಿಬಿ ಡ್ರೈವಿನಲ್ಲಿ ಅದನ್ನೆಲ್ಲ ಇಟ್ಟುಕೊಳ್ಳಲು ಹೊರಟರೆ ಜಾಗವೇ ಉಳಿಯದು. ನಮ್ಮ ತೊಂದರೆ ಬರೆಯುವುದರಲ್ಲಿಲ್ಲ, ಬರೆದದ್ದನ್ನು ಅಲ್ಲಿಯೇ ಬಿಡುವುದರಲ್ಲಿದೆ.

ಹಾರ್ಡ್ ಡಿಸ್ಕಿನ ಕಾಲದ ಎರಡು ಅಭ್ಯಾಸಗಳನ್ನೂ ಬಿಡಬೇಕು. ಮೊದಲನೆಯದು ಡಿಫ್ರಾಗ್ ಮಾಡುವುದು. ತಿರುಗುವ ತಟ್ಟೆಗೆ ಅದು ಉಪಕಾರಿ, ಎಸ್‌ಎಸ್‌ಡಿಗೆ ವ್ಯರ್ಥ ಸವೆತ. ಎರಡನೆಯದು ‘ಅಳಿಸಿದರೇನು, ಮರಳಿ ತೆಗೆಯಬಹುದು’ ಎಂಬ ಧೈರ್ಯ. 2009ರ ವಿಂಡೋಸ್ 7ರಿಂದೀಚೆಗೆ ಫೈಲು ಅಳಿಸಿದೊಡನೆ ಕಾರ್ಯಾಚರಣಾ ವ್ಯವಸ್ಥೆ ‘ಈ ಸಾಲುಗಳು ಇನ್ನು ಬೇಡ’ ಎಂದು ಡ್ರೈವಿಗೆ ಟ್ರಿಮ್ ಆದೇಶ ಕಳಿಸುತ್ತದೆ. ಡ್ರೈವಿನ ಆರೋಗ್ಯಕ್ಕೆ ಅದು ಅಗತ್ಯ. ಆದರೆ ಟ್ರಿಮ್ ಆದ ಫೈಲನ್ನು ಮರಳಿ ಪಡೆಯುವ ಆಸೆ ಬಹುತೇಕ ಬಿಟ್ಟಂತೆಯೇ. ಹಿಂದಿನ ವರ್ಷ ನಮಗೆ ಹೆಸರು ಮಾತ್ರ ಸಿಕ್ಕದ್ದು ಇದರಿಂದಲೇ.

‘ಐದು ವರ್ಷಕ್ಕೆ ಯಂತ್ರವೇ ಹಳತಾಗುತ್ತದೆ, ಇಷ್ಟೆಲ್ಲ ಯಾಕೆ?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಚೇರಿಗಳಲ್ಲಿ ಹಾಗಿರಬಹುದು. ನಮ್ಮ ಪ್ರಶಿಕ್ಷಣಾರ್ಥಿಗಳು ನಾಳೆ ಹೋಗುವ ಶಾಲೆಗಳಲ್ಲಿ ಹಾಗಲ್ಲ. ಅಲ್ಲಿ ಕೊಟ್ಟ ಕಂಪ್ಯೂಟರ್ ಹತ್ತು ವರ್ಷ ಬಾಳಬೇಕು, ಕೆಟ್ಟರೆ ಇನ್ನೊಂದು ಬರುವುದು ಯಾವಾಗಲೋ. ಬೇಸಿಗೆ ರಜೆಯಲ್ಲಿ ಅದು ಬೀಗ ಹಾಕಿದ ಕೋಣೆಯಲ್ಲಿರುತ್ತದೆ. ಫ್ಲ್ಯಾಶ್ ಕೋಶದಲ್ಲಿ ಮಾಹಿತಿ ಇರುವುದು ವಿದ್ಯುದಾವೇಶದ ರೂಪದಲ್ಲಿ, ಅದು ಬಹು ನಿಧಾನವಾಗಿ ಸೋರುತ್ತದೆ. ಜೆಡೆಕ್ ಮಾನದಂಡದ ಪ್ರಕಾರ ಸಾಮಾನ್ಯ ಬಳಕೆಯ ಡ್ರೈವ್ ತನ್ನ ಬರಹದ ಮಿತಿಯನ್ನು ಪೂರ್ತಿ ಮುಗಿಸಿದ ಮೇಲೂ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ಸೆಖೆ ಹೆಚ್ಚಿದಂತೆ ಈ ಅವಧಿ ಕುಗ್ಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೊಸ ಡ್ರೈವಿಗೆ ಎರಡು ತಿಂಗಳ ರಜೆಯಿಂದ ಏನೂ ಆಗದು. ಆದರೆ ಸವೆದ ಡ್ರೈವನ್ನು ವರ್ಷಗಟ್ಟಲೆ ಕಪಾಟಿನಲ್ಲಿಟ್ಟು ಅದೇ ನಮ್ಮ ದಾಖಲೆ ಎಂದು ನಂಬುವುದು ಸರಿಯಲ್ಲ.

ಹಾಗಾಗಿ ಮುಂದಿನ ಅವಧಿಯ ಅಭ್ಯಾಸ ಬೋಧನೆಗೆ ಮುನ್ನ ನಾಲ್ಕು ಸಂಗತಿಗಳನ್ನು ನಿಯಮವಾಗಿಸಬೇಕೆಂಬುದು ನನ್ನ ಅಭಿಪ್ರಾಯ. ಒಂದು, ಮುದ್ರಣದ ಯಂತ್ರದಲ್ಲಿ ಶೇ. 20ರಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು. ಸರದಿಯ ಪ್ರಶಿಕ್ಷಣಾರ್ಥಿ ಪ್ರತಿ ಶನಿವಾರ ಅದನ್ನು ನೋಡಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಎರಡು, ಮುಗಿದ ಪಾಠಗಳು ಅದೇ ದಿನ ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗಬೇಕು, ಇನ್ನೊಂದು ಪ್ರತಿ ಬೇರೆ ಕೋಣೆಯಲ್ಲಿರಬೇಕು. ಎರಡೂ ಪ್ರತಿ ತೆರೆದು ನೋಡಿದ ಮೇಲೆಯೇ ಎಸ್‌ಎಸ್‌ಡಿಯಿಂದ ಅಳಿಸಬೇಕು. ಮೂರು, ತಿಂಗಳಿಗೊಮ್ಮೆ ಡ್ರೈವಿನ ಸ್ಮಾರ್ಟ್ ವರದಿ ತೆರೆದು ಬಳಕೆಯ ಶೇಕಡಾವಾರು ಅಂಕಿ ಗುರುತಿಸಿಕೊಳ್ಳಬೇಕು. ಉಚಿತ ತಂತ್ರಾಂಶದಿಂದ ಎರಡು ನಿಮಿಷದ ಕೆಲಸವಿದು.

ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದುಕೊಂಡಿದ್ದೇನೆ. ಪ್ರತಿ ಮುದ್ರಣಕ್ಕೂ ಅಳಿಸುವ ದಿನಾಂಕ ಮೊದಲೇ ಗೊತ್ತಾಗಿರಬೇಕು. ಆ ವಿಡಿಯೋಗಳಲ್ಲಿರುವುದು ನಮ್ಮ ಪ್ರಶಿಕ್ಷಣಾರ್ಥಿಗಳು ಮಾತ್ರವಲ್ಲ, ನಲವತ್ತು ಮಕ್ಕಳ ಮುಖಗಳೂ ಇವೆ. ಹಿಮ್ಮಾಹಿತಿ, ಮೌಲ್ಯಮಾಪನ ಮುಗಿದ ಮೇಲೆ ಅವನ್ನು ಇಟ್ಟುಕೊಳ್ಳಲು ನಮಗೆ ಕಾರಣವಿಲ್ಲ. ‘ಇರಲಿ, ಬೇಕಾಗಬಹುದು’ ಎಂದು ಉಳಿಸಿಕೊಂಡದ್ದರಿಂದಲೇ ಡ್ರೈವೂ ತುಂಬಿತು, ಮಕ್ಕಳ ಹೆತ್ತವರಿಗೆ ನಾವು ಕೊಟ್ಟ ಮಾತೂ ಮರೆಯಿತು.

ಹಿಮ್ಮಾಹಿತಿಯ ಹೊತ್ತಿನಲ್ಲಿ ಆ ಪ್ರಶಿಕ್ಷಣಾರ್ಥಿಗೆ ಹಲಗೆಯ ಲೆಕ್ಕ ವಿವರಿಸಿದೆ. ಮರುವಾರ ಅವರು ಪಾಠ ಆರಂಭಿಸುವ ಮೊದಲು, ‘ಅವತ್ತು ನಿನಗೆ ಸರಿಯಾದ ಉತ್ತರ ಕೊಡಲಿಲ್ಲ’ ಎಂದು ಹುಡುಗನನ್ನು ಮುಂದೆ ಕರೆದು, ಹಲಗೆಯನ್ನು ಹತ್ತು ಸಾಲಾಗಿ ಭಾಗ ಮಾಡಿ ಅವನ ಕೈಯಿಂದಲೇ ಅಡ್ಡಗೆರೆ ಎಳೆಸಿದರು. ಲೆಕ್ಕ ಮುಗಿಸಿ ಅವನು ಸೀಮೆಸುಣ್ಣ ಕೆಳಗಿಡಲಿಲ್ಲ. ‘ಹಂಗಾದ್ರ ಮೇಡಂ, ನಮ್ಮ ಲ್ಯಾಬಿನ ಕಂಪ್ಯೂಟರ್‌ದಾಗ ಎಷ್ಟು ಖಾಲಿ ಅದ, ನೋಡೋಣೇನ್ರಿ?’ ಎಂದ. ನಮ್ಮ ಪ್ರಯೋಗಾಲಯದಲ್ಲಿ ಈ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳೋಣ.