ಮಗು ಬರೆದ ಲೋಟವನ್ನು ಅಳಿಸಬೇಡಿ

ಮಗನ ಕೆಮ್ಮಿಗೆ ಔಷಧಿ ಬರೆಸಿಕೊಂಡ ತಾಯಿಯೊಬ್ಬರು ಹೊರಡುವ ಮುನ್ನ ಚೀಲದಿಂದ ಅವನ ಡ್ರಾಯಿಂಗ್ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟರು. ‘ಡಾಕ್ಟ್ರೇ, ಇವನಿಗೆ ನಾಲ್ಕು ತುಂಬಿತು. ಒಂದು ಲೋಟ ಬರೆಯೋಕೂ ಬರಲ್ಲ. ಬುದ್ಧಿಯ ಬೆಳವಣಿಗೆಯಲ್ಲಿ ಏನಾದರೂ ಕೊರತೆ ಇರಬಹುದೇ?’ ಎಂಬುದು ಅವರ ಆತಂಕ. ಪುಟದ ಎಡಬದಿಯಲ್ಲಿ ಶಾಲೆಯಲ್ಲಿ ಬರೆದುಕೊಟ್ಟ ಅಚ್ಚುಕಟ್ಟಾದ ಲೋಟ. ಬಲಬದಿಯಲ್ಲಿ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದವೇ ಹರಿದಿತ್ತು. ಹುಡುಗನಿಗೆ ಒಂದು ಹಾಳೆ, ಒಂದು ಬಳಪ ಕೊಟ್ಟೆ. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ‘ನಂಗೆ ಬರಲ್ಲ’ ಎಂದ.

ನನಗೆ ಚಿಂತೆಯಾದದ್ದು ಲೋಟದ ಬಗ್ಗೆ ಅಲ್ಲ, ಈ ಮಾತಿನ ಬಗ್ಗೆ.

ಮಗು ಯಾವ ವಯಸ್ಸಿಗೆ ಯಾವ ಆಕಾರವನ್ನು ನೋಡಿ ಬರೆಯಬಲ್ಲದು ಎಂಬುದಕ್ಕೆ ಒಂದು ಕ್ರಮವಿದೆ. ಸುಮಾರು 2 ವರ್ಷಕ್ಕೆ ಗೆರೆ, 3 ವರ್ಷಕ್ಕೆ ವೃತ್ತ, 4ಕ್ಕೆ ಕೂಡಿಸುವ ಚಿಹ್ನೆ, ನಾಲ್ಕೂವರೆಯಿಂದ 5ರೊಳಗೆ ಚೌಕ, 5ರ ನಂತರ ತ್ರಿಕೋನ. ಇದರಲ್ಲಿ ಕೆಲವು ತಿಂಗಳು ಹಿಂದುಮುಂದಾಗುವುದು ಸಹಜ. ಲೋಟ ಬರೆಯಲು ಓರೆಗೆರೆ ಬೇಕು, ಮೂಲೆ ಬೇಕು. ಆಗ ತಾನೇ ನಾಲ್ಕು ತುಂಬಿದ ಮಗುವಿಗೆ ಅದು ಬಾರದಿದ್ದರೆ ಅದು ಕಾಯಿಲೆಯಲ್ಲ, ವಯಸ್ಸು.

ಕೈಯೂ ಇನ್ನೂ ಬೆಳೆಯುತ್ತಿರುತ್ತದೆ. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಮೆತ್ತನೆಯ ಮೃದ್ವಸ್ಥಿಯಾಗಿದ್ದು, ಒಂದೊಂದಾಗಿ ಗಟ್ಟಿಯಾಗುತ್ತ ಬರುತ್ತವೆ. ಕೊನೆಯದು ಗಟ್ಟಿಯಾಗತೊಡಗುವುದು ಹತ್ತು ವರ್ಷದ ಆಸುಪಾಸಿನಲ್ಲಿ. ಎರಡರ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ದೊಡ್ಡವರಂತೆ ಮೂರು ಬೆರಳಲ್ಲಿ ಹಿಡಿಯಲು ನಾಲ್ಕರಿಂದ ಆರು ವರ್ಷ ಬೇಕು. ಅಂಥ ಕೈಯನ್ನು ಒತ್ತಿ ಹಿಡಿದು ತಿದ್ದಿಸಿದರೆ ಪುಸ್ತಕದಲ್ಲಿ ಲೋಟ ಮೂಡಬಹುದು. ಆದರೆ ಅದು ನಿಮ್ಮ ಲೋಟ, ಮಗುವಿನದಲ್ಲ.

ಇನ್ನೊಂದು ಮಾತು. ಚಿಕ್ಕ ಮಗು ತಾನು ಕಂಡದ್ದನ್ನಲ್ಲ, ತಿಳಿದದ್ದನ್ನು ಬರೆಯುತ್ತದೆ. ಫ್ರೀಮನ್ ಮತ್ತು ಜಾನಿಕೌನ್ ಎಂಬ ಸಂಶೋಧಕರು 1972ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಿಡಿ ಕಾಣದಂತೆ ತಿರುಗಿಸಿಟ್ಟ ಕಪ್ಪನ್ನು ಬರೆಯಲು ಮಕ್ಕಳಿಗೆ ಹೇಳಿದ್ದರು. ಚಿಕ್ಕವರು ಕಾಣದ ಹಿಡಿಯನ್ನು ಸೇರಿಸಿಯೇ ಬರೆದರು. ಕಂಡಷ್ಟನ್ನೇ ಬರೆದವರು ಎಂಟರ ಆಸುಪಾಸಿನ ದೊಡ್ಡ ಮಕ್ಕಳು. ಕಪ್ ಎಂದರೆ ಹಿಡಿ ಇರಲೇಬೇಕಲ್ಲವೇ? ಮಗುವಿನ ಲೆಕ್ಕದಲ್ಲಿ ಅದು ತಪ್ಪಲ್ಲ, ತಿಳಿವಳಿಕೆ.

ಹಾಗಾದರೆ ಕಲಿಸುವುದೇ ಬೇಡವೇ? ಖಂಡಿತ ಬೇಕು. ಆದರೆ ಕಲಿಸಬೇಕಾದದ್ದು ಗೆರೆಯನ್ನಲ್ಲ, ನೋಡುವುದನ್ನು. ನಿಜವಾದ ಲೋಟವನ್ನು ಮಗುವಿನ ಕೈಗೆ ಕೊಡಿ. ಅಂಚಿನ ಸುತ್ತ ಬೆರಳಾಡಿಸಲಿ. ಬಾಯಿ ಅಗಲವೋ, ತಳ ಅಗಲವೋ ಎಂದು ಕೇಳಿ. ನೀರು ತುಂಬಿಸಿ ತೋರಿಸಿ. ಆಮೇಲೆ ಸ್ಲೇಟನ್ನೋ ದೊಡ್ಡ ಹಾಳೆಯನ್ನೋ ಕೊಟ್ಟು ನೀವು ಸುಮ್ಮನಿರಿ. ಉದ್ದನೆಯ ಪೆನ್ಸಿಲಿಗಿಂತ ತುಂಡು ಬಳಪ ವಾಸಿ. ಅದನ್ನು ಮುಷ್ಟಿಯಲ್ಲಿ ಹಿಡಿಯಲಾಗದು, ಬೆರಳೇ ಬೇಕು. ಬೆರಳಿಗೆ ಬಲ ಬರಲು ಅಡುಗೆಮನೆಗಿಂತ ಒಳ್ಳೆಯ ಶಾಲೆಯಿಲ್ಲ. ಚಪಾತಿ ಹಿಟ್ಟು ನಾದುವುದು, ನೆನೆಸಿದ ಅವರೆಕಾಳು ಹಿಚುಕುವುದು, ಅಂಗಳದಲ್ಲಿ ಅಮ್ಮನ ಪಕ್ಕ ಕುಳಿತು ರಂಗೋಲಿಯ ಚುಕ್ಕಿ ಇಡುವುದು, ಇವೆಲ್ಲ ಚಿತ್ರದ ಪಾಠಗಳೇ.

ಎಡಗೈಯಲ್ಲಿ ಬರೆದರೆ ಬರೆಯಲಿ, ಬಲಗೈಗೆ ಬದಲಿಸಬೇಡಿ. ಮಗು ಬಳಪವನ್ನು ಬಾಯಿಗೆ ಹಾಕದಂತೆ ಗಮನವಿರಲಿ. ಸೀಮೆಸುಣ್ಣ, ಮಣ್ಣು ತಿನ್ನುವ ಚಟವಿದ್ದರೆ ರಕ್ತಹೀನತೆ ಇರಬಹುದು, ಪರೀಕ್ಷೆ ಮಾಡಿಸಿ.

ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳೂ ಇವೆ. ಒಂದೂವರೆ ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಸುಮ್ಮನೆ ಬಿಡುತ್ತಿದ್ದರೆ, ಆ ಕೈಯಲ್ಲಿ ದೌರ್ಬಲ್ಯವಿರಬಹುದು. ನಾಲ್ಕು ದಾಟಿದರೂ ವೃತ್ತ ಬರೆಯಲಾಗದಿದ್ದರೆ, ಹಾಳೆಗೆ ಮೂಗು ತಾಗುವಷ್ಟು ಬಾಗಿ ಬರೆಯುತ್ತಿದ್ದರೆ, ಮೊದಲು ಬರೆಯುತ್ತಿದ್ದುದನ್ನು ಮರೆಯತೊಡಗಿದರೆ ತಡಮಾಡಬಾರದು.

ಶಾಲೆಗಳಿಗೂ ಒಂದು ವಿನಂತಿ. ನಾಲ್ಕು ವರ್ಷದ ಮಗುವಿನ ಚಿತ್ರಕ್ಕೆ ಅಂಕ ಕೊಡಬೇಡಿ. ಅಂಕ ಬಂದೊಡನೆ ರಾತ್ರಿ ಕುಳಿತು ಚಿತ್ರ ಬರೆಯುವವರು ಅಪ್ಪ ಅಮ್ಮಂದಿರು. ಮಗು ಕಲಿಯುವುದು ಒಂದನ್ನೇ: ತನ್ನ ಕೈ ಸಾಲದು ಎಂಬುದನ್ನು.

ಆ ದಿನ ನಾನು ನೀರು ಕುಡಿಯುವ ಸ್ಟೀಲ್ ಲೋಟವನ್ನೇ ಆ ಹುಡುಗನ ಕೈಗೆ ಕೊಟ್ಟೆ. ತಿರುಗಿಸಿ ನೋಡಿದ, ಒಳಗೆ ಇಣುಕಿದ. ಸ್ವಲ್ಪ ಹೊತ್ತಾದ ಮೇಲೆ ಬಳಪ ಹಿಡಿದು ದೊಡ್ಡದೊಂದು ವೃತ್ತ ಎಳೆದು, ಒಳಗೆಲ್ಲ ಗೀಚಿದ. ‘ಇದೇನಪ್ಪ?’ ಎಂದೆ. ‘ಹಾಲು’ ಎಂದ. ತಾಯಿ ಅಭ್ಯಾಸಬಲದಿಂದ ರಬ್ಬರಿಗೆ ಕೈ ಹಾಕಿದರು. ಬೇಡವೆಂದು ತಡೆದೆ. ಮೇಲಿನಿಂದ ನೋಡಿದರೆ ಹಾಲು ತುಂಬಿದ ಲೋಟ ಕಾಣುವುದು ಹಾಗೆಯೇ ಅಲ್ಲವೇ?