ತಿಳಿನೀರನ್ನು ನಂಬಬೇಡಿ

ಗ್ಲಾಸ್ಗೋ ನಗರದ ಆಗ್ನೇಯ ಅಂಚಿನಲ್ಲಿ ಪೊಲ್ಮಡೀ ಬರ್ನ್ ಎಂಬ ಹಳ್ಳವೊಂದು ಕ್ಲೈಡ್ ನದಿಗೆ ಸೇರುತ್ತದೆ. ಸ್ಕಾಟ್ಲೆಂಡಿನವರ ಬಾಯಲ್ಲಿ ‘ಬರ್ನ್’ ಎಂದರೆ ಹಳ್ಳ. 2019ರಲ್ಲಿ ಅದರ ನೀರು ಇದ್ದಕ್ಕಿದ್ದಂತೆ ಗಿಳಿಹಸಿರಿಗೆ ತಿರುಗಿತು. ದಂಡೆಗೆ ಬೇಲಿ ಬಿತ್ತು. 2021ರಲ್ಲಿ ಮತ್ತೆ ಅದೇ ಬಣ್ಣ. ಆಮೇಲೆ ನೀರು ತಿಳಿಯಾಯಿತು, ಸುದ್ದಿಯೂ ತಣ್ಣಗಾಯಿತು. ನಮ್ಮ ಆತಂಕ ಇರುವುದು ಈ ತಿಳಿನೀರಿನ ಬಗ್ಗೆಯೇ.

ಬಣ್ಣ ಬಂದದ್ದು ಪಕ್ಕದ ಶಾಫೀಲ್ಡ್‌ನ ನೆಲದಿಂದ. ರುದರ್‌ಗ್ಲೆನ್ ಊರಿಗೆ ಸೇರಿದ ಈ ನದೀದಡದಲ್ಲಿ ಜೆ ಅಂಡ್ ಜೆ ವೈಟ್ ಎಂಬ ರಾಸಾಯನಿಕ ಕಾರ್ಖಾನೆ ಸುಮಾರು 1820ರಿಂದ 1960ರ ದಶಕದ ಕೊನೆಯವರೆಗೆ ನಡೆಯಿತು. ಕ್ರೋಮೈಟ್ ಅದಿರನ್ನು ಸೋಡಾ ಮತ್ತು ಸುಣ್ಣದ ಜೊತೆ ಕುಲುಮೆಯಲ್ಲಿ ಹುರಿದು, ನೀರಿನಲ್ಲಿ ಕದಡಿ ಕ್ರೋಮೇಟ್ ತೆಗೆಯುತ್ತಿದ್ದರು. ಚರ್ಮ ಹದ ಮಾಡುವವರಿಗೂ ಬಟ್ಟೆಗೆ ಬಣ್ಣ ಹಾಕುವವರಿಗೂ ಅದು ಬೇಕಾಗಿತ್ತು. ಯಾರಿಗೂ ಬೇಡವಾದದ್ದು ತಳದ ಗಸಿ. ಅದನ್ನು ಹಳೆಯ ಮಣ್ಣುಗುಂಡಿಗಳಿಗೆ ಸುರಿದರು, ತಗ್ಗು ನೆಲಕ್ಕೆ ತುಂಬಿ ಮಟ್ಟ ಮಾಡಿದರು. ಹೀಗೆ ಹೂತದ್ದು ಇಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು. ಅದರ ಮೇಲೆ ಆಟದ ಬಯಲುಗಳೂ ಬಂದವು.

ಮೊದಲ ಎಚ್ಚರಿಕೆ ಬಂದದ್ದು ನೀರಿನಲ್ಲಲ್ಲ, ಕೂಲಿಗಳ ಮೂಗಿನಲ್ಲಿ. ಕ್ರೋಮ್ ದೂಳು ಎರಡು ಹೊಳ್ಳೆಗಳ ನಡುವಿನ ಮೃದ್ವಸ್ಥಿಯನ್ನು ತಿಂದು ತೂತು ಮಾಡುತ್ತಿತ್ತು. ಮೈಮೇಲೆ ಆರದ ಹುಣ್ಣುಗಳು. 1899ರಲ್ಲಿ ಕಾರ್ಮಿಕ ನಾಯಕ ಕೀರ್ ಹಾರ್ಡಿ ಈ ಕಾರ್ಖಾನೆಯ ಬಗ್ಗೆ ಕರಪತ್ರ ಹೊರತಂದರು. ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಏಳು ದಿನದ ದುಡಿಮೆ. ಒಡೆಯ ಲಾರ್ಡ್ ಓವರ್‌ಟೌನ್ ಮಾತ್ರ ದೊಡ್ಡ ದಾನಿ, ಮಹಾ ದೈವಭಕ್ತ. ಭಾನುವಾರ ಟ್ರ್ಯಾಮ್ ಓಡಿಸುವುದೂ ಪಾಪ ಎಂದು ವಾದಿಸುತ್ತಿದ್ದವನು! ರುದರ್‌ಗ್ಲೆನ್‌ನಲ್ಲಿ ಅವನ ಹೆಸರಿನ ಉದ್ಯಾನ ಈಗಲೂ ಇದೆ. ಗಸಿಗೆ ಯಾರ ಹೆಸರೂ ಇಲ್ಲ.

ಈ ಗಸಿಯ ಗುಣ ಅರಿಯದೆ ಅಪಾಯ ಅರ್ಥವಾಗುವುದಿಲ್ಲ. ಕ್ರೋಮಿಯಂಗೆ ಎರಡು ಮುಖ್ಯ ರೂಪಗಳಿವೆ. ಮೂರರ ವೇಲೆನ್ಸಿಯದ್ದು ಬಹುಮಟ್ಟಿಗೆ ಸಾಧು, ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಆರರದ್ದು ನೀರಿನಲ್ಲಿ ಕರಗಿ ಹರಿಯುತ್ತದೆ. ದೂಳಾಗಿ ಉಸಿರಿಗೆ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ‘ಎರಿನ್ ಬ್ರೊಕೊವಿಚ್’ ಸಿನಿಮಾ ನೋಡಿದವರಿಗೆ ಇದರ ಪರಿಚಯವಿದೆ. ಶಾಫೀಲ್ಡ್ ಗಸಿಯಲ್ಲಿ ಸುಣ್ಣ ಉಳಿದಿರುವುದರಿಂದ ಅದು ತೀವ್ರ ಕ್ಷಾರ. ಆ ಕ್ಷಾರದಲ್ಲಿ ಆರರ ಕ್ರೋಮಿಯಂ ದಶಕಗಟ್ಟಲೆ ಹಾಗೇ ಉಳಿದು, ಅಂತರ್ಜಲ ತಾಗಿದಾಗಲೆಲ್ಲ ಅಷ್ಟಷ್ಟೇ ನೀರಿಗೆ ಸೇರುತ್ತದೆ. ಹಳ್ಳ ತುಂಬಿ ಹರಿದಾಗ ಬಣ್ಣ ತೆಳುವಾಗಿ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದಕ್ಕೆ ಇಲ್ಲ ಎಂದರ್ಥವಲ್ಲ.

ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಕ್ಲೈಡ್ ಗೇಟ್‌ವೇ ಎಂಬ ಪುನರುಜ್ಜೀವನ ಸಂಸ್ಥೆ ಶಾಫೀಲ್ಡ್‌ನ ಒಂದು ಭಾಗದಲ್ಲಿ ರಾಸಾಯನಿಕ ಬೆರೆಸಿ ಆರರ ಕ್ರೋಮಿಯಂ ಅನ್ನು ಮೂರಕ್ಕೆ ಇಳಿಸುವ ಕೆಲಸ ಮಾಡಿದೆ. 2014ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ನದಿಗೆ ಹೊಸ ಕಾಲುಸೇತುವೆ ಬಂತು, ಮುಂದೆ ಕಚೇರಿ ಕಟ್ಟಡವೂ ಎದ್ದಿತು. ಆದರೆ ಶುದ್ಧೀಕರಣ ನಡೆಯುವುದು ನಿವೇಶನದ ಲೆಕ್ಕದಲ್ಲಿ, ಕಂತುಕಂತಾಗಿ. ಅಂತರ್ಜಲಕ್ಕೆ ಸರ್ವೆ ಕಲ್ಲು ತಿಳಿಯದು. ಆಡಳಿತದ ಗಡಿಯೂ ಇಲ್ಲೇ ಹಾದುಹೋಗುತ್ತದೆ: ಶಾಫೀಲ್ಡ್ ಇರುವುದು ದಕ್ಷಿಣ ಲ್ಯಾನರ್ಕ್‌ಶೈರ್ ಕೌನ್ಸಿಲ್‌ನಲ್ಲಿ, ಹಳ್ಳ ಹಸಿರಾದದ್ದು ಗ್ಲಾಸ್ಗೋ ಪಾಲಿಕೆಯಲ್ಲಿ. ನಾಳೆ ನೀರು ಮತ್ತೆ ಕೆಟ್ಟರೆ ಕಡತ ಯಾರ ಮೇಜಿನ ಮೇಲೆ ಕೂರಬೇಕು ಎಂಬ ಚರ್ಚೆಯಲ್ಲೇ ವಾರ ಕಳೆಯಬಾರದು.

ಸ್ಕಾಟ್ಲೆಂಡಿನ ಚಳಿಗಾಲದ ಮಳೆ ಜೋರಾಗುತ್ತಿದೆ. ಅಂತರ್ಜಲ ಏರಿ ಒಣಗಿದ್ದ ಗಸಿಯನ್ನು ಮುಟ್ಟುವ ದಿನಗಳು ಹೆಚ್ಚುತ್ತವೆ ಎಂದೇ ಲೆಕ್ಕ ಹಾಕಬೇಕು. ಇತ್ತ ನಾಯಿ ಓಟದ ಶಾಫೀಲ್ಡ್ ಕ್ರೀಡಾಂಗಣ 2020ರಲ್ಲಿ ಬಾಗಿಲು ಹಾಕಿದೆ. ನಗರಕ್ಕೆ ಇಷ್ಟು ಹತ್ತಿರದ ಬಯಲು ಬಹುಕಾಲ ಖಾಲಿ ಉಳಿಯುವುದಿಲ್ಲ. ಅಲ್ಲಿ ಏನನ್ನು ಕಟ್ಟುವುದಾದರೂ ಪಾಯ ತೋಡುವ ಮೊದಲು ಇಡೀ ಪ್ರದೇಶದ ಅಂತರ್ಜಲದ ಹರಿವನ್ನು ಒಂದೇ ನಕಾಶೆಯಲ್ಲಿ ಜನರ ಮುಂದಿಡಬೇಕು. ಹಳ್ಳದ ನೀರಿನ ಕ್ರೋಮಿಯಂ ಪ್ರಮಾಣವನ್ನು ಬೇಲಿಯ ಬಳಿಯೇ ಫಲಕ ಹಾಕಿ ಬರೆಯಬೇಕು, ಬಣ್ಣವಿಲ್ಲದ ದಿನವೂ.

ದೂರದ ಊರಿನ ಉಸಾಬರಿ ನಮಗೇಕೆ ಎನ್ನುವ ಓದುಗರು ನಂದಿಬೆಟ್ಟದತ್ತ ನೋಡಲಿ. ಅಲ್ಲಿ ಹುಟ್ಟುವ ಪಾಲಾರ್ ಕೋಲಾರ ಸೀಮೆ ದಾಟಿ ತಮಿಳುನಾಡಿನ ರಾಣಿಪೇಟೆಯ ಪಕ್ಕ ಹರಿಯುತ್ತದೆ. ಅಲ್ಲಿನ ಕ್ರೋಮೇಟ್ ಕಾರ್ಖಾನೆ 1990ರ ದಶಕದಲ್ಲಿ ಮುಚ್ಚಿತು. ಹೋಗುವಾಗ ಅದು ಬಿಟ್ಟುಹೋದದ್ದೂ ಇದೇ ಗಸಿ, ಲಕ್ಷಗಟ್ಟಲೆ ಟನ್.