ಮಾಸ್ಕಿಗಿಂತ ಮೊದಲು ಮೂಗು

ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾಕ್ಕೆಂದು ದುಡ್ಡು ಸುರಿದು ತಂದ, ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರ ವಾರದೊಳಗೆ ಅಲಮಾರಿ ಸೇರಿದರೆ ಮನೆಯವರ ಬೈಗುಳ ಒಂದೇ: ‘ನಿಮಗೆ ತಾಳ್ಮೆಯಿಲ್ಲ.’ ಯಾರೂ ಟಾರ್ಚ್ ಹಿಡಿದು ಮೂಗಿನೊಳಗೆ ಇಣುಕಿರುವುದಿಲ್ಲ.

ಈ ಚಿಕಿತ್ಸೆ ಹುಟ್ಟಿದ್ದೇ ಮೂಗನ್ನು ನಂಬಿ. 1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ವ್ಯಾಕ್ಯೂಮ್ ಕ್ಲೀನರ್ ಮೋಟಾರಿನಿಂದ ರೋಗಿಯ ಮೂಗಿಗೆ ಗಾಳಿ ಊದಿದರು. ಮಲಗಿದಾಗ ಕುಸಿಯುವ ಗಂಟಲು ಆ ಒತ್ತಡಕ್ಕೆ ತೆರೆದೇ ಉಳಿಯಿತು. ಮರುವರ್ಷ ಐವರು ರೋಗಿಗಳ ವರದಿ ‘ಲ್ಯಾನ್ಸೆಟ್’ನಲ್ಲಿ ಬಂತು. ಮೂಗೇ ಕಟ್ಟಿದ್ದರೆ ಒತ್ತಡದ ಒಂದು ಪಾಲು ಅಲ್ಲೇ ಸೋತು, ಗಂಟಲಿಗೆ ಉಳಿದದ್ದಷ್ಟೇ ಸಿಗುತ್ತದೆ.

ಆರೋಗ್ಯವಂತರಲ್ಲೂ ಎರಡು ಹೊಳ್ಳೆಗಳು ಒಂದೇ ಸಮ ತೆರೆದಿರುವುದಿಲ್ಲ. ಕೆಲವು ಗಂಟೆಗೊಮ್ಮೆ ಒಂದರ ಒಳಪೊರೆ ಉಬ್ಬಿದರೆ ಇನ್ನೊಂದರದು ಇಳಿಯುತ್ತದೆ. ಜರ್ಮನಿಯ ರಿಚರ್ಡ್ ಕೈಸರ್ 1895ರಲ್ಲಿ ಇದನ್ನು ವಿವರಿಸಿದರು. ಮಲಗಿದರಂತೂ ರಕ್ತ ತುಂಬಿ ಉಬ್ಬು ಹೆಚ್ಚುತ್ತದೆ. ಮೂಗಿನ ನಡುಗೋಡೆ ಸೊಟ್ಟಗಾಗಿ ಒಂದು ಹೊಳ್ಳೆ ಮೊದಲೇ ಇಕ್ಕಟ್ಟಾಗಿದ್ದವರಿಗೆ, ಇನ್ನೊಂದು ಮುಚ್ಚುವ ಸರದಿ ಬಂದಾಗ ಬಾಯಿಯೇ ಗತಿ.

ಕಷ್ಟ ಶುರುವಾಗುವುದು ಆ ಬಾಯಿಯಿಂದಲೇ. ಸಹಜ ಉಸಿರಾಟದಲ್ಲಿ ಹೊರಬರುವ ಬೆಚ್ಚನೆಯ ಉಸಿರಿನಿಂದ ಮೂಗು ತಾನು ಕೊಟ್ಟ ತೇವವನ್ನು ಸ್ವಲ್ಪ ಮರಳಿ ಪಡೆಯುತ್ತದೆ. ಯಂತ್ರ ಮೂಗಿಗೆ ನುಗ್ಗಿಸಿದ ಗಾಳಿ ಬಾಯಿಯಿಂದ ಸೋರಿಹೋದರೆ ಆ ಮರುಪಾವತಿ ನಿಲ್ಲುತ್ತದೆ. ಒಣಗಿದ ಒಳಪೊರೆ ಊದಿ ಮೂಗು ಇನ್ನಷ್ಟು ಕಟ್ಟುತ್ತದೆ, ಬಾಯಿ ಇನ್ನಷ್ಟು ತೆರೆಯುತ್ತದೆ. ಉಸಿರು ಕೊಡಲು ಬಂದ ಯಂತ್ರವೇ ಮೂಗು ಕಟ್ಟಿಸುತ್ತಿರುವಾಗ, ನಡುರಾತ್ರಿ ಮಾಸ್ಕ್ ಕಿತ್ತೆಸೆದವರನ್ನು ತಾಳ್ಮೆಗೇಡಿ ಎನ್ನುವುದು ಅನ್ಯಾಯ.

ಗಾಳಿಯನ್ನು ಬೆಚ್ಚಗೆ, ತೇವವಾಗಿಸಿ ಕಳಿಸುವ ಹ್ಯೂಮಿಡಿಫೈಯರ್ ಇದಕ್ಕೆ ಒಳ್ಳೆಯ ಮದ್ದು. ಕೊಳ್ಳುವಾಗ ‘ಎಕ್ಸ್‌ಟ್ರಾ’ ಎಂದು ಜನ ಬಿಟ್ಟುಬರುವುದೂ ಅದನ್ನೇ! ಪಾರ್ಥೇನಿಯಂ ಪರಾಗ, ಹಾಸಿಗೆಯ ಧೂಳುನುಸಿ ಕೆಣಕುವ ಬೆಂಗಳೂರಿನ ಮೂಗುಗಳಿಗೆ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯುವುದು, ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇ ನೆರವಾಗುತ್ತವೆ. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಝೈಲೋಮೆಟಾಜೋಲಿನ್ ಹನಿ ಕ್ಷಣದಲ್ಲಿ ಮೂಗು ಬಿಡಿಸುತ್ತದೆ, ನಿಜ. ಕೆಲ ದಿನ ಮೀರಿ ಹಾಕಿಕೊಂಡರೆ ಅದರ ಚಟ ಹತ್ತಿದ ಮೂಗು ಮತ್ತೆ ಮತ್ತೆ ಕಟ್ಟುತ್ತದೆ.

ಸೊಟ್ಟ ನಡುಗೋಡೆಯನ್ನು ಆಪರೇಷನ್ ಮಾಡಿ ನೇರ ಮಾಡಿದರೆ ಸಾಮಾನ್ಯವಾಗಿ ಅಪ್ನಿಯಾ ಹೋಗುವುದಿಲ್ಲ, ಕುಸಿಯುವುದು ಗಂಟಲಲ್ಲವೇ? ಆದರೆ ಬೇಕಾಗುವ ಒತ್ತಡ ತಗ್ಗಿ ಮಾಸ್ಕ್ ಸಹ್ಯವಾಗುವುದುಂಟು. ಬಾಯಿ, ಮೂಗು ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಸುಲಭದ ಉತ್ತರವೆಂದು ಅಂಗಡಿಯವರು ಹೇಳುತ್ತಾರೆ. ಅದರಲ್ಲಿ ಸೋರಿಕೆ ಜಾಸ್ತಿ, ಹಲವರಿಗೆ ಒತ್ತಡವೂ ಹೆಚ್ಚು ಬೇಕು. ಅದನ್ನು ಕೊಳ್ಳುವ ಮೊದಲು ಒಮ್ಮೆ ಇಎನ್‌ಟಿ ವೈದ್ಯರಿಗೆ ಮೂಗು ತೋರಿಸಿ.